ಬೀಗರಿಬ್ಬರ ನಡುವೆ ಒಂದು ಗುಂಡು

ನನ್ನ ಮದುವೆಯಾಗಿ ಎಂಟು ವರ್ಷ ಕಳೆದರೂ ನನ್ನ ಅಪ್ಪ ಮತ್ತು ನನ್ನ ಮಾವ ಒಮ್ಮೆಯೂ ಜಗಳವಾಡಿರಲಿಲ್ಲ. ಹಾಗೆಂದು ಅವರು ಸ್ನೇಹಿತರಾಗಿದ್ದರು ಎಂದಲ್ಲ. ಜಗಳಕ್ಕೆ ಬೇಕಾದಷ್ಟು ಮಾತೇ ಅವರ ನಡುವೆ ಇರಲಿಲ್ಲ. ಅಪ್ಪ ಉಡುಪಿಯಲ್ಲಿ ಜೀವನವಿಡೀ ವಕೀಲಿ ಮಾಡಿದವರು. ಮಾವ ಧಾರವಾಡದ ಕಡೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಡಾಕ್ಟರಾಗಿದ್ದವರು. ಜ್ವರ, ಹೆರಿಗೆ, ಹಾವು ಕಡಿತದ ಜೊತೆಗೆ ಪೊಲೀಸರು ತಂದ ಹೆಣಗಳ ಪೋಸ್ಟ್‌ಮಾರ್ಟಮ್ಮೂ ಅವರ ಪಾಲಿಗೇ ಬರುತ್ತಿತ್ತು. ಹಬ್ಬಕ್ಕೊಮ್ಮೆ ಫೋನಿನಲ್ಲಿ ಸಿಕ್ಕರೆ ಒಬ್ಬರು "ಆರಾಮ ಅದೀರಿ?" ಎನ್ನುವರು, ಇನ್ನೊಬ್ಬರು "ಆರಾಮ, ನಿಮ್ಮಲ್ಲಿ ಸೆಕೆ ಉಂಟಾ?" ಎನ್ನುವರು. ಆಮೇಲೆ ಫೋನು ಹೆಂಗಸರ ಕೈಗೆ ಹೋಗುತ್ತಿತ್ತು.

ಆ ವರ್ಷ ಸಿಡ್ನಿಯ ದಿ ಪಾಂಡ್ಸ್‌ನಲ್ಲಿ ನನ್ನ ನಾದಿನಿ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಳು. ಆ ನೆಪದಲ್ಲಿ ಎರಡೂ ಕಡೆಯ ಹಿರಿಯರು ಒಟ್ಟಿಗೇ ಬಂದು, ಮೊದಲು ಮೆಲ್ಬರ್ನ್‌ನ ವಿಂಡಮ್ ವೇಲ್‌ನಲ್ಲಿರುವ ನಮ್ಮ ಮನೆಯಲ್ಲಿ ಇಳಿದರು. ಅಮ್ಮ ಮತ್ತು ಅತ್ತೆ ಮೊದಲ ದಿನವೇ ಅಡುಗೆಮನೆಯಲ್ಲಿ ಒಂದಾದರು. ಒಬ್ಬರು ನೀರುದೋಸೆ ಹೊಯ್ದರೆ ಇನ್ನೊಬ್ಬರು ಜೋಳದ ರೊಟ್ಟಿ ತಟ್ಟುತ್ತ, ಮಧ್ಯೆ ನಮ್ಮ ಸಂಬಂಧಿಕರನ್ನೆಲ್ಲ ಒಂದೊಂದಾಗಿ ಬೇಯಿಸಿ ಮುಗಿಸುತ್ತಿದ್ದರು. ಬೀಗರಿಬ್ಬರು ಮಾತ್ರ ಸೋಫಾದ ಎರಡು ತುದಿಯಲ್ಲಿ ಕುಳಿತಿರುತ್ತಿದ್ದರು. ನಡುವೆ ಟೀವಿಯ ರಿಮೋಟು. "ನೀವು ಹಾಕ್ರಿ ಬೀಗರ." "ಛೆ, ನೀವೇ ಹಾಕಿ." ಹೀಗೆ ಮರ್ಯಾದೆ ಮಾಡಿ ಮಾಡಿ ಇಬ್ಬರೂ ಎಷ್ಟೋ ಹೊತ್ತು ಕಪ್ಪು ಪರದೆಯನ್ನೇ ನೋಡುತ್ತಿದ್ದರು.

ಒಂದು ಚಳಿಯ ಮಧ್ಯಾಹ್ನ ನನ್ನ ಆರು ವರ್ಷದ ಮಗಳು ರಿಮೋಟು ಒತ್ತಿದಳು. ಕಾರ್ಟೂನು ಬರುವ ಬದಲು ಅಮೆರಿಕದ ಅಧ್ಯಕ್ಷರೊಬ್ಬರ ಕೊಲೆಯ ಬಗ್ಗೆ ಒಂದು ಸಾಕ್ಷ್ಯಚಿತ್ರ ಬಂತು. ನಾನು ಹುಟ್ಟುವ ಮೊದಲಿನ ಘಟನೆ. ತೆರೆದ ಕಾರು, ಪಕ್ಕದಲ್ಲಿ ಹೆಂಡತಿ, ರಸ್ತೆಯ ಎರಡೂ ಬದಿಗೆ ಜನ. ಅಧ್ಯಕ್ಷರು ನಗುತ್ತ ಕೈ ಬೀಸುತ್ತಿದ್ದಾಗ ಹಿಂದಿನ ಕಟ್ಟಡದ ಮೇಲಿನ ಮಹಡಿಯಿಂದ ಗುಂಡು; ಮರುಕ್ಷಣ ತಲೆಗೆ ಇನ್ನೊಂದು. ಆಮೇಲೆ ಮಾಡಿದ ಪೋಸ್ಟ್‌ಮಾರ್ಟಮ್ ವರದಿಯಲ್ಲಿ ಬೆನ್ನಿನ ಗಾಯ ಎಲ್ಲಿತ್ತು ಎಂಬುದೇ ಇವತ್ತಿಗೂ ಇತ್ಯರ್ಥವಾಗಿಲ್ಲವಂತೆ. ನಾನು ಬಟ್ಟೆ ಮಡಚುತ್ತ ಅರ್ಧ ಕಿವಿಯಲ್ಲಿ ಕೇಳುತ್ತಿದ್ದೆ.

"ಕುತ್ತಿಗಿ ಬುಡಕ್ಕ," ಎಂದರು ಮಾವ, ಯಾರೂ ಕೇಳದಿದ್ದರೂ.

"ಬೆನ್ನಿಗೆ," ಎಂದರು ಅಪ್ಪ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಎಂಟು ವರ್ಷದಲ್ಲಿ ಅವರು ಹಾಗೆ ಮುಖಕ್ಕೆ ಮುಖ ಕೊಟ್ಟು ನೋಡಿದ್ದು ಅದೇ ಮೊದಲಿರಬೇಕು.

"ಕೊಯ್ದು ನೋಡಿದವ್ರು ಡಾಕ್ಟರ್ರು ಬೀಗರ. ಅವರು ಕುತ್ತಿಗಿ ಬುಡಕ್ಕ ಅಂದ್ರ ಕುತ್ತಿಗಿ ಬುಡಕ್ಕ. ಅಲ್ಲಿಂದ ಹೊಕ್ಕ ಗುಂಡು ಗಂಟಲಾಗ ಹೊರಗ ಬಂತು. ಮುಗೀತು."

"ಡಾಕ್ಟ್ರು ಹೇಳಿದ್ದು ಹೇಳಲಿ. ಕೋಟಿನ ತೂತು ಎಲ್ಲಿ ಉಂಟು? ಕಾಲರಿನಿಂದ ಐದು ಇಂಚಿಗಿಂತ ಕೆಳಗೆ. ಅಂಗಿಗೂ ಅಲ್ಲಿಯೇ. ಅಷ್ಟು ಕೆಳಗೆ ಹೊಕ್ಕ ಗುಂಡು ಗಂಟಲಲ್ಲಿ ಬರಬೇಕಾದರೆ ಮೇಲೆ ಹತ್ತಬೇಕು. ಮೇಲಿನ ಮಹಡಿಯಿಂದ ಹೊಡೆದ ಗುಂಡು ಮೆಟ್ಟಿಲು ಹತ್ತಿದ್ದು ಹೇಗೆ ಮಾರಾಯ್ರೆ?"

"ಕೋಟು ಮ್ಯಾಲೆ ಸರದಿತ್ರಿ! ಅಂವ ಕೈ ಎತ್ತಿ ಮಂದಿಗೆ ಟಾಟಾ ಮಾಡಾಕತ್ತಿದ್ದ. ಕೈ ಎತ್ತಿದ್ರ ಕೋಟು ಏರತೈತಿ."

"ಪ್ಯಾಂಟಿನೊಳಗೆ ಸಿಕ್ಕಿಸಿದ ಅಂಗಿಯೂ ಏರಿತಾ? ಹೌದೋ ಅಲ್ಲವೋ, ಅಷ್ಟೇ ಹೇಳಿ."

ಆ ಕೊನೆಯ ಮಾತು ಕೇಳಿದ್ದೇ ಮಾವನ ಮುಖ ಕೆಂಪಾಯಿತು. ಅವರು ಎದ್ದು ನಿಂತು, ಶಾಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಟಿಕಳಿ ತಗೊಂಡ ಬಾರವಾ," ಎಂದು ನನಗೆ ಹೇಳಿದರು.

ಟಿಕಳಿ ಎಂದರೆ ಹಣೆಗಿಡುವ ಸ್ಟಿಕ್ಕರ್ ಬೊಟ್ಟು. ನಾನು ಒಂದು ಹಾಳೆ ತಂದುಕೊಟ್ಟೆ. ಹಣೆಯಿದ್ದದ್ದು ನಮ್ಮ ಮನೆಯ ಹೆಂಗಸರಿಗೆ, ಬೆನ್ನಿದ್ದದ್ದು ನನ್ನ ಗಂಡನಿಗೆ. ಅವರು ರಸ್ತೆ ಸೇತುವೆಗಳ ಎಂಜಿನಿಯರ್. ಅಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಚಹಾಕ್ಕೆಂದು ಕೋಣೆಯಿಂದ ಹೊರಗೆ ಬಂದವರನ್ನು ಹಿಡಿದು ನಿಲ್ಲಿಸಿ, ಮಾವ ಟೀಶರ್ಟಿನ ಕೊರಳು ಜಗ್ಗಿ, ಕುತ್ತಿಗೆಯ ಬುಡಕ್ಕೆ ಕೆಂಪು ಬೊಟ್ಟೊಂದು ಅಂಟಿಸಿದರು. ಅಪ್ಪ ಬಟ್ಟೆಯ ಮೇಲಿಂದಲೇ ಅಳೆದು, ಕೆಳಗೆ ಹಸಿರು ಬೊಟ್ಟು ಅಂಟಿಸಿದರು.

"ಅಪ್ಪಾ, ಐ ಹ್ಯಾವ್ ಎ ಮೀಟಿಂಗ್. ಏನ್ ನಡದೈತಿ ಇಲ್ಲಿ?"

"ಸುಮ್ನ ನಿಂದರು. ನೀ ಸತ್ತೀ," ಎಂದರು ಮಾವ.

ಮಾವ ನಂಬಿದ ವರದಿ ಬರೆದ ಡಾಕ್ಟರರು ಗಾಯವನ್ನು ಕಿವಿಯ ಹಿಂದಿನ ಎಲುಬಿನ ತುದಿಯಿಂದ ಅಳೆದಿದ್ದರಂತೆ. ಅಪ್ಪ ಅದನ್ನೇ ಹಿಡಿದುಕೊಂಡರು. ನನ್ನ ಹೊಲಿಗೆ ಡಬ್ಬಿಯಿಂದ ಟೇಪು ತರಿಸಿ, ಗಂಡ ಮೊಬೈಲು ನೋಡುವಾಗ ಒಮ್ಮೆ, ಸೂರು ನೋಡುವಾಗ ಒಮ್ಮೆ ಕಿವಿಯಿಂದ ಬೊಟ್ಟಿನವರೆಗೆ ಅಳೆದರು. ಎರಡು ಅಳತೆಗಳು ಒಂದಕ್ಕೊಂದು ತಾಳೆಯಾಗಲಿಲ್ಲ.

"ನೋಡಿ! ತಲೆ ಅಲ್ಲಾಡಿದರೆ ಕಿವಿ ಅಲ್ಲಾಡ್ತದೆ. ಅಲ್ಲಾಡುವ ವಸ್ತುವಿನಿಂದ ಅಳೆಯುವವರು ಯಾರಾದರೂ ಉಂಟಾ? ಜಾಗದ ಸರ್ವೆ ಮಾಡುವಾಗ ದನ ಕಟ್ಟಿದಲ್ಲಿಂದ ಅಳೆಯುತ್ತಾರಾ?"

"ಹೆಣಾ ತಲಿ ಅಲ್ಲಾಡಸೂದಿಲ್ರಿ," ಎಂದರು ಮಾವ. ಅದು ಒಳ್ಳೆಯ ಉತ್ತರವೇ ಆಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಗಂಡ ಚಹಾ ಕುಡಿಯದೆ ಓಡಿಹೋಗಿ ಮೀಟಿಂಗಿಗೆ ಕುಳಿತರು. ನಡುವೆ ಚಾರ್ಜರ್ ಎತ್ತಿಕೊಳ್ಳಲು ಕ್ಯಾಮೆರಾಕ್ಕೆ ಬೆನ್ನು ಹಾಕಿ ಬಗ್ಗಿದರಂತೆ. ಮ್ಯಾನೇಜರ್ ಬಹಳ ಮೆತ್ತಗೆ, ಇದೇನಾದರೂ ಧಾರ್ಮಿಕವೇ ಎಂದು ಕೇಳಿದರಂತೆ. ಹೌದು ಎಂದು ಇವರು ಒಪ್ಪಿಕೊಂಡರಂತೆ.

ಸಂಜೆ ನಾನು ಗಂಡನನ್ನು ಕೇಳಿದೆ: ಮಾವನಿಗೆ ಅಷ್ಟು ಸಿಟ್ಟು ಬಂದದ್ದೇಕೆ? ಅವರು ನಗುತ್ತ ಹೇಳಿದರು: "ಹೌದೋ ಅಲ್ಲವೋ ಅಂದ್ರಲ್ಲ ನಿಮ್ಮಪ್ಪ, ಅದಕ್ಕೆ. ನಮ್ಮಪ್ಪ ಪೋಸ್ಟ್‌ಮಾರ್ಟಮ್ ಸಾಕ್ಷಿ ಹೇಳೋಕೆ ಹೋದಾಗೆಲ್ಲ ಕೋರ್ಟಲ್ಲಿ ವಕೀಲರು ಹಾಗೇ ಕೇಳ್ತಿದ್ರಂತೆ. ಒಬ್ಬ ವಕೀಲ ಒಂದು ಕೇಸಲ್ಲಿ ಎಡ ಪಕ್ಕೆಲುಬೋ ಬಲ ಪಕ್ಕೆಲುಬೋ ಅಂತ ಮಧ್ಯಾಹ್ನ ಪೂರ್ತಿ ಕಟಕಟೆಯಲ್ಲಿ ನಿಲ್ಲಿಸಿಬಿಟ್ನಂತೆ. ಜನ ಎಲ್ಲ ನಗ್ತಿದ್ರಂತೆ. ಅಪ್ಪ ಇವತ್ತಿಗೂ ಮರೆತಿಲ್ಲ."

ನನಗೆ ಎಲ್ಲ ಅರ್ಥವಾಯಿತು. ಮಾವ ತಮ್ಮ ಜೀವನದಲ್ಲಿ ಮೊದಲ ಸಲ, ನ್ಯಾಯಾಧೀಶರಿಲ್ಲದ ಕಡೆ, ಒಬ್ಬ ವಕೀಲರನ್ನು ಒಂಟಿಯಾಗಿ ಹಿಡಿದಿದ್ದರು.

ಅಂದಿನಿಂದ ನಮ್ಮ ಮನೆಯಲ್ಲಿ ತಿಂಡಿ ಊಟಗಳೆಲ್ಲ ವಿಚಾರಣೆಯಾದವು. ಅಪ್ಪ ಇಡ್ಲಿಗೆ ಬೆರಳಿನಿಂದ ತೂತು ಮಾಡಿ ಗುಂಡಿನ ದಾರಿ ತೋರಿಸುವರು; ಮಾವ ಅದೇ ಇಡ್ಲಿಯನ್ನು ಕೊಂಚ ಮುಂದಕ್ಕೆ ಬಾಗಿಸಿ, "ಈಗ ನೋಡ್ರಿ, ಇಳಿಜಾರಾತು," ಎನ್ನುವರು. ಕೊಯ್ದ ಡಾಕ್ಟರರಿಗೆ ಗಂಟಲಿನ ಗಾಯ ಗೊತ್ತೇ ಇರಲಿಲ್ಲ ಎಂದು ಅಪ್ಪ ಹಂಗಿಸಿದರು. ಅದಕ್ಕೆ ಮಾವ ಮೇಜು ಕುಟ್ಟಿದರು: "ಹೆಂಗ ಗೊತ್ತಾಗಬೇಕ್ರಿ? ಮೊದಲಿನ ದವಾಖಾನಿಯವ್ರು ಉಸಿರಿನ ನಳಿಗಿ ಹಾಕಾಕ ಅದೇ ತೂತು ಕೊಯ್ದು ದೊಡ್ಡದು ಮಾಡಿದ್ರು. ಇವರಿಗೆ ಆಮ್ಯಾಲೆ ಫೋನಿನಾಗ ತಿಳೀತು. ನನಗೂ ಹಂಗ ಎಷ್ಟ ಸರ್ತಿ ಆಗೇತಿ! ಒಂದ ಕಡೆ ಪೊಲೀಸರು, ಒಂದ ಕಡೆ ಅಳೂ ಮಂದಿ, ಕರೆಂಟ್ ಇಲ್ಲ, ಟೇಪ್ ಇಲ್ಲ. ನೀವು ಆರಾಮ ಕರೀ ಕೋಟು ಹಾಕ್ಕೊಂಡು ಬಂದು ಎಡಕೋ ಬಲಕೋ ಅಂತೀರಿ."

"ಅದು ನಮ್ಮ ಕೆಲಸ ಅಲ್ವಾ ಬೀಗರೇ," ಎಂದು ಅಪ್ಪ ಇಡ್ಲಿಯನ್ನು ತಿಂದುಬಿಟ್ಟರು. ಮಾವ ಸಾಕ್ಷ್ಯನಾಶ ಎಂದು ಕೂಗಿದರು.

ಕೋಟು ಏರುತ್ತದೆಯೋ ಇಲ್ಲವೋ ಎಂಬುದೊಂದೇ ಉಳಿಯಿತು. ನಮ್ಮ ಆರತಕ್ಷತೆಗೆಂದು ಹೊಲಿಸಿದ ಗಂಡನ ಕೋಟು ಹೊರಬಂತು. ಆರತಕ್ಷತೆಯ ನಂತರ ಅವರು ಸಾಕಷ್ಟು ಸುಖವಾಗಿದ್ದರೆಂಬುದಕ್ಕೆ ಆ ಕೋಟೇ ಪುರಾವೆ. ಗುಂಡಿ ಹಾಕಲು ಅತ್ತೆ ಮತ್ತು ಅಮ್ಮ ಎರಡೂ ಕಡೆಯಿಂದ ಎಳೆಯಬೇಕಾಯಿತು. ಊಟದ ಕುರ್ಚಿಯಲ್ಲಿ ಕೂರಿಸಿ, "ಕೈ ಬೀಸು," ಎಂದರು ಮಾವ. ಗಂಡ ಕೈ ಎತ್ತಿದರು. ಪರ್ರ್ ಎಂದು ಕೋಟು ಬೆನ್ನಿನ ನಡುವೆ ಹರಿಯಿತು.

ಅಪ್ಪ ಗಂಭೀರವಾಗಿ ಬಗ್ಗಿ ನೋಡಿ, "ಇದು ಹೊಸ ಗಾಯ," ಎಂದರು. ಅಮ್ಮ ನಗು ತಡೆಯಲಾರದೆ ಅಡುಗೆಮನೆಗೆ ಓಡಿದರು.

ಇದೆಲ್ಲ ನೋಡುತ್ತಿದ್ದವಳು ಇನ್ನೊಬ್ಬಳಿದ್ದಳು. ಮರುವಾರ ಮಗಳ ಶಾಲೆಯಿಂದ ಟೀಚರ್ ಫೋನ್ ಮಾಡಿದರು. ಮನೆಯಲ್ಲಿ ಎಲ್ಲ ಸೌಖ್ಯವೇ ಎಂದು ಮೂರು ಬಗೆಯಲ್ಲಿ ಕೇಳಿದರು. 'ನನ್ನ ಕುಟುಂಬ' ಎಂಬ ವಿಷಯಕ್ಕೆ ಇವಳು ತನ್ನ ಅಪ್ಪನ ಬೆನ್ನಿನ ಚಿತ್ರ ಬರೆದು, ಅದರಲ್ಲಿ ಒಂದು ಕೆಂಪು ಚುಕ್ಕೆ ಹಾಕಿ, "ಬೋತ್ ಮೈ ಅಜ್ಜಾಸ್ ಆರ್ ಫೈಂಡಿಂಗ್ ಔಟ್ ವೇರ್ ಡ್ಯಾಡಿ ವಾಸ್ ಶಾಟ್" ಎಂದು ತರಗತಿಗೆಲ್ಲ ವಿವರಿಸಿದ್ದಳು. ನಾನು ಟೀಚರಿಗೆ ಅಮೆರಿಕದ ಇತಿಹಾಸ ಹೇಳತೊಡಗಿದೆ. ಹೇಳಿದಷ್ಟೂ ಅವರ ದನಿ ಇನ್ನಷ್ಟು ಮೃದುವಾಗುತ್ತ ಹೋಯಿತು. ಕೊನೆಗೆ ಗಂಡ ಖುದ್ದಾಗಿ ಹೋಗಿ, ತಾವು ಬದುಕಿರುವುದನ್ನು ತೋರಿಸಿ, ಚಿತ್ರ ವಾಪಸು ತಂದರು.

ಬೀಗರಿಬ್ಬರೂ ಚಿತ್ರದ ಮೇಲೆ ಮುಗಿಬಿದ್ದರು.

"ನೋಡಿ ಬೀಗರೇ, ಪ್ರತ್ಯಕ್ಷ ಸಾಕ್ಷಿ ಚುಕ್ಕೆ ಎಲ್ಲಿ ಹಾಕಿದ್ದಾಳೆ! ಬೆನ್ನಿಗೆ! ಆ ಕೊಯ್ದ ಡಾಕ್ಟ್ರು ವರದಿಯಲ್ಲಿ ಬರೆದ ಚಿತ್ರದಲ್ಲೂ ಚುಕ್ಕೆ ಹೀಗೇ ಕೆಳಗೆ ಇದ್ದದ್ದು."

"ಅದ್ಕ ನಾ ಅನ್ನೂದು, ಅಂಥಾ ಚಿತ್ರ ಅಳತೀಗೆ ಬರ್ಯೂದಲ್ಲ! ಇಕಿ ಬರದಾಳ ನೋಡ್ರಿ, ಕುತ್ತಿಗೀನೇ ಇಲ್ಲ. ಕುತ್ತಿಗಿ ಇಲ್ಲದವಗ ಕುತ್ತಿಗಿ ಬುಡಕ್ಕ ಚುಕ್ಕಿ ಎಲ್ಲಿ ಹಾಕ್ತಾಳ?"

ಮಗಳು ಅಳುಮುಖ ಮಾಡಿದಳು. "ಡ್ಯಾಡಿ ರಿಯಲಿ ಡಸಂಟ್ ಹ್ಯಾವ್ ಎ ನೆಕ್," ಎಂದಳು. ಆ ವಿಷಯದಲ್ಲಿ ಮಾತ್ರ ಇಬ್ಬರು ಅಜ್ಜಂದಿರೂ ಒಪ್ಪಿದರು.

ಗೃಹಪ್ರವೇಶಕ್ಕೆ ನಾವು ಬಾಡಿಗೆ ವ್ಯಾನಿನಲ್ಲಿ ಸಿಡ್ನಿಗೆ ಹೊರಟೆವು. ಇಡೀ ಹಗಲಿನ ದಾರಿ. ಅಮ್ಮ ಮತ್ತು ಅತ್ತೆ ಹೊರಡುವ ಮುನ್ನವೇ ಆಣೆ ಹಾಕಿಸಿಕೊಂಡಿದ್ದರು: ವ್ಯಾನಿನಲ್ಲಿ ಕೋಟು, ಕುತ್ತಿಗೆ, ಗುಂಡು ಎಂಬ ಶಬ್ದಗಳನ್ನು ಎತ್ತಕೂಡದು. ಬೀಗರು ಮಾತಿಗೆ ತಪ್ಪಲಿಲ್ಲ. ಕುರಿಗಳ ಬಯಲು, ಬೆಟ್ಟ, ಪೆಟ್ರೋಲ್ ಬಂಕು ಎಲ್ಲ ಕಳೆಯುವವರೆಗೂ ಮಾತಿಲ್ಲದೆ ಕುಳಿತಿದ್ದರು. ಆದರೆ ಮಾವ ಆಗಾಗ ಕೈ ಎತ್ತಿ ಕುರಿಗಳಿಗೆ ಟಾಟಾ ಮಾಡುವರು. ಅಪ್ಪ ಓರೆಗಣ್ಣಿನಿಂದ ಅವರ ಸ್ವೆಟರಿನ ಕೊರಳನ್ನು ನೋಡುವರು.

ದಿ ಪಾಂಡ್ಸ್‌ನಲ್ಲಿ ನಾದಿನಿಯ ಪಕ್ಕದ ಮನೆಯಲ್ಲಿ ಒಬ್ಬ ಪಂಜಾಬಿ ಅಂಕಲ್ ಇದ್ದರು. ಅವರ ಅಂಗಳದಲ್ಲಿ ಮೇಲ್ಛಾವಣಿ ಬಿಚ್ಚಿದ ಹಳೆಯ ಕೆಂಪು ಕಾರು ಬಿಸಿಲಿಗೆ ಮಿರುಗುತ್ತಿತ್ತು. ಅದನ್ನು ನೋಡಿ ಬೀಗರಿಬ್ಬರೂ ಕಾಲು ಕಿತ್ತಿಡದೆ ನಿಂತರು. ಗೃಹಪ್ರವೇಶದ ಹಿಂದಿನ ದಿನ. ನಾವೆಲ್ಲ ಮಾವಿನೆಲೆಗೆ ಬದಲಾಗಿ ಯಾವ ಎಲೆ ಕಟ್ಟಬಹುದೆಂದು ಚರ್ಚಿಸುತ್ತಿದ್ದೆವು. ಯಾರೂ ಗಮನಿಸದ ಹೊತ್ತಿನಲ್ಲಿ ಮಾವ ಬೇಲಿಯ ಬಳಿ ಹೋಗಿ ತಮ್ಮ ಧಾರವಾಡದ ಹಿಂದಿಯಲ್ಲಿ ಶುರುಮಾಡಿದರು.

"ಭಾಯಿಸಾಬ್, ಆಪ್ ಕಾ ಗಾಡಿ ಚಾಹಿಯೇ. ಏಕ್ ಮರ್ಡರ್ ಕೇ ಲಿಯೇ."

ಕಾರು ಒರೆಸುತ್ತಿದ್ದ ಅಂಕಲ್ ಬಟ್ಟೆ ಕೈಬಿಟ್ಟರು. ಗಂಡ ಓಡಿಹೋಗಿ ವಿವರಿಸಿದ ಮೇಲೆ ಮಾತ್ರ ಅವರಿಗೆ ಮಹದಾನಂದವಾಯಿತು. ಅವರಿಗೂ ಆ ಕೊಲೆಯ ಬಗ್ಗೆ ಅಭಿಪ್ರಾಯವಿತ್ತು: ಹೊಡೆದವನು ಕಾರಿನ ಡ್ರೈವರನೇ. ಅದನ್ನು ಹೇಳಿ, ತಾವೇ ಡ್ರೈವರ್ ಆಗುತ್ತೇನೆಂದು ಬೀಗದ ಕೈ ತಂದರು.

ಹರಿದ ಕೋಟಿಗೆ ಬದಲಾಗಿ ನಾದಿನಿಯ ಗಂಡನ ಕೋಟು ಸಿಕ್ಕಿತು. ಆತ ಎತ್ತರದಲ್ಲೂ ಅಗಲದಲ್ಲೂ ಧಾರಾಳ ಮನುಷ್ಯ. ಅದನ್ನು ತೊಟ್ಟ ನನ್ನ ಗಂಡನನ್ನು ನೋಡಿ ಅಪ್ಪ ಆಕ್ಷೇಪಿಸಿದರು: "ಇದು ಕೋಟಲ್ಲ, ಯಕ್ಷಗಾನದ ವೇಷ. ಅಧ್ಯಕ್ಷರದ್ದು ಅಳತೆ ತೆಗೆದು ಹೊಲಿದ ಕೋಟು."

"ಅಳತೀ ಕೋಟು ಏನಾತು ಅಂತ ನೋಡಿವಲ್ರಿ," ಎಂದರು ಮಾವ.

ಕುತ್ತಿಗೆಯ ಚರ್ಮಕ್ಕೆ ಮಾವನ ಕೆಂಪು ಬೊಟ್ಟು, ಕೋಟಿನ ಬೆನ್ನಿಗೆ ಅಪ್ಪನ ಹಸಿರು ಬೊಟ್ಟು. ಕೈ ಎತ್ತಿದಾಗ ಹಸಿರು ಏರಿ ಕೆಂಪಿನ ಮೇಲೆ ಕೂತರೆ ಮಾವ ಗೆದ್ದಂತೆ. ಗಂಡ ಹಿಂದಿನ ಸೀಟಿನಲ್ಲಿ ಕುಳಿತು ಕೈ ಬೀಸತೊಡಗಿದರು. ಕಾರು ನಡಿಗೆಯ ವೇಗದಲ್ಲಿ ಹೊರಟಿತು. ಹಿಂದೆ ಮಾವ ಟೇಪು ಹಿಡಿದು, ಅಪ್ಪ ಮೊಬೈಲಿನಲ್ಲಿ ವಿಡಿಯೋ ಮಾಡುತ್ತ ನಡೆದರು.

ಭಾನುವಾರ ಬೆಳಿಗ್ಗೆ ಆ ಬೀದಿಯಲ್ಲಿ ಕೋಟು ತೊಟ್ಟ ಗಂಡಸೊಬ್ಬ ತೆರೆದ ಕಾರಿನಲ್ಲಿ ಕೈ ಬೀಸುತ್ತ ಹೋದರೆ, ಹಿಂದೆ ಇಬ್ಬರು ಹಿರಿಯರು ನಡೆದು ಬಂದರೆ, ಅದಕ್ಕೆ ಒಂದೇ ಅರ್ಥ: ಮದುವೆಯ ದಿಬ್ಬಣ. ಮೊದಲು ಒಂದು ಗರಾಜಿನ ಬಾಗಿಲು ಮೇಲೆದ್ದಿತು. ಆಮೇಲೆ ಇನ್ನೊಂದು. ತೆಲುಗು ಆಂಟಿಯರು, ತಮಿಳು ಅಂಕಲ್‌ಗಳು, ಸ್ಕೂಟರಿನ ಮಕ್ಕಳು ಎಲ್ಲ ಹೊರಗೆ ಬಂದು ಕೈ ಬೀಸತೊಡಗಿದರು. ಯಾರೋ ಫೋನಿನಲ್ಲಿ ಭಾಂಗ್ಡಾ ಹಾಕಿದರು. ಹಾಡು ಕೇಳಿದ್ದೇ ನಮ್ಮ ಡ್ರೈವರ್ ಅಂಕಲ್ ಸ್ಟಿಯರಿಂಗ್ ಬಿಟ್ಟು ಎರಡೂ ಕೈ ಎತ್ತಿ ಹೆಗಲು ಕುಣಿಸಿದರು. ಗುಜರಾತಿ ಅಜ್ಜಿಯೊಬ್ಬರು ಗೇಟಿನ ಬಳಿ ಕಾರು ನಿಲ್ಲಿಸಿ, ನನ್ನ ಗಂಡನ ತಲೆಗೆ ಅಕ್ಕಿ ಹಾಕಿ, ಹಿಂದೆ ತಿರುಗಿ ಹಿಂದಿಯಲ್ಲಿ ಕೇಳಿದರು: ನಿಮ್ಮಿಬ್ಬರಲ್ಲಿ ಹುಡುಗಿಯ ತಂದೆ ಯಾರು?

ಅಪ್ಪ ಕೋರ್ಟಿನಲ್ಲಿ ಸುಳ್ಳು ಹೇಳಿದವರಲ್ಲ. ಕೈ ಎತ್ತಿದರು.

ಹುಡುಗಿ ಎಲ್ಲಿ?

ಅಪ್ಪ ನನ್ನತ್ತ ಬೆರಳು ತೋರಿಸಿದರು. ನಾನು ನಾದಿನಿಯ ಮನೆಯ ಮುಂದೆ ಹಳೆಯ ಟ್ರ್ಯಾಕ್ ಪ್ಯಾಂಟಿನಲ್ಲಿ, ಕೈಯೆಲ್ಲ ರಂಗೋಲಿ ಹಿಟ್ಟು ಮಾಡಿಕೊಂಡು ನಿಂತಿದ್ದೆ. ಪಕ್ಕದಲ್ಲಿದ್ದ ಮಗಳು ಹೆಮ್ಮೆಯಿಂದ, "ಯೆಸ್, ದಟ್ಸ್ ಮೈ ಮಮ್!" ಎಂದು ಕೂಗಿದಳು. ಅಜ್ಜಿ ನನ್ನನ್ನು ನೋಡಿದರು, ಮಗಳನ್ನು ನೋಡಿದರು, ಕಾರಿನಲ್ಲಿದ್ದ ವರನನ್ನು ನೋಡಿದರು. ಆಮೇಲೆ ಏನು ಲೆಕ್ಕ ಹಾಕಿದರೋ, ಉಳಿದ ಅಕ್ಕಿಯನ್ನು ತಂದು ನನ್ನ ತಲೆಗೂ ಹಾಕಿ, "ಕೋಯೀ ಬಾತ್ ನಹೀ, ಬೇಟೀ," ಎಂದು, ಪರವಾಗಿಲ್ಲ ಎನ್ನುವಂತೆ ಬೆನ್ನು ಸವರಿ ಹೋದರು.

ಕಾರು ವಾಪಸು ಬಂದು ನಿಂತಾಗ ಗಂಡನಿಗೆ ನಕ್ಕು ನಕ್ಕು ಸಾಕಾಗಿತ್ತು. "ಕೈ ಇಳಸಬ್ಯಾಡ!" ಎಂದು ಮಾವ ಕೂಗಿದರು. ಇಬ್ಬರೂ ಅವರ ಬೆನ್ನಿನ ಮೇಲೆ ತಲೆಗೆ ತಲೆ ತಾಗಿಸಿ ಬಗ್ಗಿದರು. ನಾವೂ ಸುತ್ತ ನೆರೆದೆವು.

ಕೋಟು ಏರಿತ್ತು. ಕಾಲರು ಗಂಡನ ಕಿವಿ ಮುಟ್ಟುತ್ತಿತ್ತು. ಮಾವ ಅದರೊಳಗೆ ಬೆರಳು ತೂರಿಸಿ ಕೆಂಪು ಬೊಟ್ಟಿದ್ದ ಜಾಗ ಹಿಡಿದರು. ಆದರೆ ಅಪ್ಪನ ಹಸಿರು ಬೊಟ್ಟು ಮೊದಲಿದ್ದ ಜಾಗದಿಂದ ಮೇಲೆ ಬಂದರೂ ಮಾವನ ಕೆಂಪು ಬೊಟ್ಟಿಗೆ ಇನ್ನೂ ಎರಡು ಬೆರಳು ಕೆಳಗೇ ನಿಂತಿತ್ತು. ಅದು ಕುತ್ತಿಗೆಯ ಬುಡವೂ ಅಲ್ಲ, ಬೆನ್ನೂ ಅಲ್ಲ. ಎರಡೂ ಪಕ್ಷದವರು ಹಕ್ಕು ಸಾಧಿಸದೇ ಇದ್ದ ಒಂದು ಖಾಲಿ ಜಾಗ.

ಮಾವ ಟೇಪು ಸುತ್ತತೊಡಗಿದರು.

"ಮಂದಿ ಇನ್ನಷ್ಟು ಇದ್ರ ಇನ್ನೂ ಮ್ಯಾಲೆ ಬೀಸತಿದ್ದ," ಎಂದರು ಮಾವ, ಅಷ್ಟೇನೂ ನಂಬಿಕೆಯಿಲ್ಲದೆ.

"ಕೋಟು ಏರ್ತದೆ ಅನ್ನುವುದನ್ನು ನಾನು ಒಪ್ಪಿದೆ," ಎಂದರು ಅಪ್ಪ. "ಎಷ್ಟು ಅನ್ನುವುದನ್ನು ಒಪ್ಪಲಿಲ್ಲ."

ಡ್ರೈವರ್ ಅಂಕಲ್ ಮಾತ್ರ ಹೊಡೆದವನು ಡ್ರೈವರನೇ ಎಂದು ಮತ್ತೊಮ್ಮೆ ಹೇಳಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸಂಜೆ ಹಿತ್ತಿಲ ಮೆಟ್ಟಿಲ ಮೇಲೆ ಇಬ್ಬರೂ ಚಹಾ ಹಿಡಿದು ಕುಳಿತಿದ್ದರು. ನಾನು ಒಣಗಿದ ಬಟ್ಟೆ ತೆಗೆಯಲು ಹೋದಾಗ ಮಾವ ಆ ಪಕ್ಕೆಲುಬಿನ ಕಥೆಯನ್ನು ಅಪ್ಪನಿಗೆ ಹೇಳುತ್ತಿದ್ದರು. ಕಟಕಟೆಯಲ್ಲಿ ನಿಂತದ್ದು, ಊರಿನವರು ನಕ್ಕದ್ದು, ಆ ರಾತ್ರಿ ಮನೆಗೆ ಬಂದು ಹೆಂಡತಿಗೂ ಹೇಳದೆ ಮಲಗಿದ್ದು. ಅಪ್ಪ ಪೂರ್ತಿ ಕೇಳಿದರು. ನಡುವೆ ಒಂದೂ ಪ್ರಶ್ನೆ ಹಾಕಲಿಲ್ಲ. ಹಾಗೆ ಸುಮ್ಮನೆ ಕೇಳುವುದು ಅವರ ಸ್ವಭಾವವೇ ಅಲ್ಲ.

"ಅವ ಮಾಡಿದ್ದು ತಪ್ಪು ಬೀಗರೇ," ಎಂದರು ಕೊನೆಗೆ. "ನಾನಾಗಿದ್ದರೆ ನಿಮಗೊಂದು ಕುರ್ಚಿ ಹಾಕಿಸುತ್ತಿದ್ದೆ. ನೀರು ತರಿಸುತ್ತಿದ್ದೆ."

ಮಾವ ತಲೆಯಾಡಿಸಿದರು.

"ಪ್ರಶ್ನೆ ಮಾತ್ರ ಅದನ್ನೇ ಕೇಳುತ್ತಿದ್ದೆ."

ಮಾವ ಬಾಯಲ್ಲಿದ್ದ ಚಹಾ ಹುಲ್ಲಿನ ಮೇಲೆ ಚೆಲ್ಲುವಂತೆ ನಕ್ಕರು. ಅಪ್ಪನೂ ನಕ್ಕರು. ಬಟ್ಟೆಯ ರಾಶಿಯ ಹಿಂದೆ ನಾನೂ ನಕ್ಕೆ. ಮರುದಿನ ಗೃಹಪ್ರವೇಶ ಸಾಂಗವಾಗಿ ನಡೆಯಿತು. ಬೀದಿಯವರೆಲ್ಲ ಕರೆಯದೆಯೂ ಬಂದರು. ಅರ್ಧ ಜನ ನನಗೂ ಗಂಡನಿಗೂ ಮದುವೆಯ ಉಡುಗೊರೆ ತಂದಿದ್ದರು. ಹಿಂದಿರುಗಿಸಲು ಹೋದರೆ ಯಾರೂ ತೆಗೆದುಕೊಳ್ಳಲಿಲ್ಲ. ಹೀಗೆ ನಮ್ಮ ಮನೆಗೆ ಮೂರನೆಯ ಪ್ರೆಷರ್ ಕುಕ್ಕರ್ ಬಂತು.

ಅವರೆಲ್ಲ ಊರಿಗೆ ಮರಳಿದ ಮೇಲೆ ನನಗೆ ಒಂದು ತೊಂದರೆ ಶುರುವಾಯಿತು. ಅಪ್ಪನಿಗೆ ಫೋನ್ ಮಾಡಿದರೆ ಯಾವಾಗಲೂ ಬಿಜಿ. ಮಾವನಿಗೆ ಮಾಡಿದರೆ ಅವರೂ ಬಿಜಿ. ಒಂದು ದಿನ ಸಾಕಾಗಿ ಅಮ್ಮನ ನಂಬರಿಗೆ ಮಾಡಿದೆ.

"ಅಪ್ಪ ಎಲ್ಲಿ?"

"ಇಲ್ಲೇ ಇದ್ದಾರೆ. ನಿನ್ನ ಮಾವನ ಹತ್ತಿರ ವಿಡಿಯೋದಲ್ಲಿ ಬೊಬ್ಬೆ ಹೊಡೀತಾ ಇದ್ದಾರೆ, ಕೇಳುವುದಿಲ್ವಾ?"

ಕೇಳುತ್ತಿತ್ತು. "ಇನ್ನೂ ಬೆನ್ನೇನಾ?" ಎಂದೆ.

"ಬೆನ್ನು ಯಾವಾಗಲೋ ಮುಗಿಯಿತು ಮಾರಾಯ್ತಿ. ಈಗ ತಲೆಗೆ ಬಂದಿದ್ದಾರೆ. ತಲೆಯ ಹಿಂದಿನ ಗಾಯ ಕೆಳಗೆ ಅಂತ ಕೊಯ್ದ ಡಾಕ್ಟ್ರು ಹೇಳಿದ್ರಂತೆ. ಆಮೇಲೆ ಎಕ್ಸ್‌ರೇ ನೋಡಿದ ಬೇರೆ ಡಾಕ್ಟ್ರು ನಾಲ್ಕು ಇಂಚು ಮೇಲೆ ಅಂದ್ರಂತೆ. ಈ ಸಲ ಎರಡೂ ಕಡೆ ಡಾಕ್ಟ್ರೇ ಅಲ್ವಾ, ನಿನ್ನ ಮಾವನಿಗೆ ಯಾರ ಪರ ಅಂತ ಗೊತ್ತಾಗುವುದಿಲ್ಲ. ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ. ನಿನ್ನ ಅಪ್ಪನಿಗೆ ಖುಷಿಯೋ ಖುಷಿ."

"ಒಳ್ಳೆಯದೇ ಆಯಿತಲ್ಲಮ್ಮ."

"ಎಂತ ಒಳ್ಳೆಯದು? ಮನೆಯಲ್ಲಿದ್ದ ಒಂದೇ ಒಂದು ತೆಂಗಿನಕಾಯಿಗೆ ಪೆನ್ನಲ್ಲಿ ಗುರುತು ಹಾಕಿಕೊಂಡು ಕೂತಿದ್ದಾರೆ. ಅದು ತಲೆಯಂತೆ. ಒಡೆಯಬಾರದಂತೆ. ಧಾರವಾಡದಲ್ಲೂ ಹಾಗೇ ಅಂತೆ, ನಿನ್ನ ಅತ್ತೆ ಈಗ ಫೋನ್ ಮಾಡಿ ಬೈದರು," ಎಂದರು ಅಮ್ಮ. "ಎರಡೂ ಮನೆಯಲ್ಲಿ ಇವತ್ತು ಚಟ್ನಿ ಇಲ್ಲ."